ಬೇರೆ ಬೇರೆ ನೀರು, ಒಂದೇ ರೂಪ: ಮೀನುಗಳಲ್ಲಿ ಒಂದೇ ಬದಲಾವಣೆ ಮತ್ತೆ ಮತ್ತೆ ಆಗುವುದು ಹೇಗೆ?

ಸ್ವರ್ಣೆಯ ದಡ (ಉಡುಪಿ)

ನಾನು ಪಿಯುಸಿ ಮಕ್ಕಳಿಗೆ ಬಯಾಲಜಿ ಕಲಿಸುತ್ತೇನೆ. ವಿಕಾಸದ ಪಾಠ ಬಂದಾಗಲೆಲ್ಲ ಯಾರಾದರೂ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಜೀನ್‌ನಲ್ಲಿ ಆಗುವ ಬದಲಾವಣೆಗೆ ಗೊತ್ತುಗುರಿ ಇಲ್ಲ ಅಂತ ನಾವೇ ಹೇಳುತ್ತೇವೆ. ಹಾಗಿದ್ದರೆ ಒಂದಕ್ಕೊಂದು ದಾರಿಯೇ ಇಲ್ಲದ ಕೆರೆಗಳಲ್ಲಿ ಮೀನು ಒಂದೇ ಥರ ಬದಲಾಗುವುದು ಹೇಗೆ? ಪಠ್ಯಪುಸ್ತಕದ ಎರಡು ಸಾಲು ಇದಕ್ಕೆ ಸಾಲದು. ಇಲ್ಲಿ ಹೊಳೆ, ಮೀನು ಬಲ್ಲವರು ತುಂಬ ಜನ ಇದ್ದೀರಿ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ, ನೀವೂ ಸೇರಿಸಿ.

ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ಸ್ಟಿಕಲ್‌ಬ್ಯಾಕ್. ಬೆರಳುದ್ದದ ಮೀನು, ಬೆನ್ನ ಮೇಲೆ ಮೂರು ಮುಳ್ಳು. ನಮ್ಮ ಕಡೆ ಇಲ್ಲ. ಅಮೆರಿಕ, ಕೆನಡಾ, ಯುರೋಪ್, ಜಪಾನ್‌ನ ತಣ್ಣೀರಿನಲ್ಲಿದೆ. ಕಡಲಲ್ಲಿರುವ ಸ್ಟಿಕಲ್‌ಬ್ಯಾಕ್‌ಗೆ ಮೈಯ ಒಂದೊಂದು ಬದಿಗೂ ಮೂವತ್ತಕ್ಕಿಂತ ಜಾಸ್ತಿ ಎಲುಬಿನ ಫಲಕಗಳಿರುತ್ತವೆ. ಕಚ್ಚಲು ಬಂದ ದೊಡ್ಡ ಮೀನಿನಿಂದ ಅದು ರಕ್ಷಣೆ. ಸುಮಾರು 12,000 ವರ್ಷಗಳ ಹಿಂದೆ ಹಿಮಯುಗ ಮುಗಿಯುತ್ತಾ ಬಂದಾಗ ಉತ್ತರದಲ್ಲಿ ಲೆಕ್ಕವಿಲ್ಲದಷ್ಟು ಹೊಸ ಕೆರೆಗಳಾದವು. ಕಡಲಿನ ಮೀನು ಹೊಳೆ ಹತ್ತಿ ಅಲ್ಲಿಗೆ ಬಂತು. ಆಮೇಲೆ ಎಷ್ಟೋ ಕಡೆ ದಾರಿ ಮುಚ್ಚಿಹೋಯಿತು. ಒಳಗೆ ಉಳಿದ ಮೀನು ತನ್ನ ಪಾಡಿಗೆ ಬದುಕಿತು. ಈಗ ಅಲಾಸ್ಕಾದ ಕೆರೆ ನೋಡಿ, ಸ್ಕಾಟ್ಲೆಂಡಿನ ಕೆರೆ ನೋಡಿ, ಕೆನಡಾದ ಪಶ್ಚಿಮ ತೀರ ನೋಡಿ. ಮೀನಿನ ಮೈಮೇಲೆ ಫಲಕ ಹತ್ತೂ ಇಲ್ಲ. ಅಲಾಸ್ಕಾದ ಮೀನು ಸ್ಕಾಟ್ಲೆಂಡಿನದ್ದನ್ನು ಯಾವತ್ತೂ ಸಂಧಿಸಿಲ್ಲ. ಆದರೂ ಎರಡೂ ಒಂದೇ ಕಡೆಗೆ ಹೋಗಿವೆ.

ಉತ್ತರದ ದೊಡ್ಡ ಭಾಗ ಸಿಕ್ಕಿದ್ದು 2005ರಲ್ಲಿ. ಸ್ಟ್ಯಾನ್‌ಫರ್ಡ್‌ನ ಡೇವಿಡ್ ಕಿಂಗ್ಸ್‌ಲಿ ಅವರ ತಂಡ ಇದರ ಹಿಂದೆ ಎಡ (Eda) ಎಂಬ ಹೆಸರಿನ ಒಂದು ಜೀನ್ ಇದೆ ಎಂದು ತೋರಿಸಿತು. ಫಲಕ ಕಡಿಮೆ ಮಾಡುವ ಅದರ ರೂಪ ಪ್ರತಿ ಕೆರೆಯಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಅದು ಹಿಮಯುಗ ಮುಗಿಯುವುದಕ್ಕೆ ಬಹಳ ಮೊದಲಿನದು. ಕಡಲಿನ ಮೀನುಗಳಲ್ಲೇ ಅಲ್ಲೊಂದು ಇಲ್ಲೊಂದರಲ್ಲಿ ಅಡಗಿಕೊಂಡಿತ್ತು. ತಂದೆ, ತಾಯಿಯಿಂದ ಬರುವ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಈ ರೂಪದ್ದಾದರೆ ಹೊರಗೆ ಅಷ್ಟಾಗಿ ಕಾಣುವುದಿಲ್ಲ. ಸಿಹಿನೀರಿಗೆ ಬಂದ ಮೇಲೆ ಆ ರೂಪ ಇರುವ ಮರಿಗಳು ಬೇಗ ಬೆಳೆದವು, ಹೆಚ್ಚು ಉಳಿದವು. ಪ್ರತಿ ಕೆರೆಯಲ್ಲೂ ಅದೇ ಹಳೆಯ ರೂಪ ಮೇಲೆ ಬಂತು. ಎಂಥ ನೀರು ಬಂದರೂ ಆಗಲಿ ಅಂತ ಬಗೆಬಗೆಯ ಬೀಜ ಕೂಡಿಟ್ಟ ರೈತನ ಮನೆಯ ಹಾಗೆ ಇದು. ಮುಂದಾಲೋಚನೆಯಿಂದ ಯಾರೂ ಇಟ್ಟಿದ್ದಲ್ಲ ಅನ್ನುವುದಷ್ಟೇ ವ್ಯತ್ಯಾಸ.

ಹಾಗಾದರೆ ಎಲ್ಲ ಕಡೆಯೂ ಹೀಗೆಯೇನಾ? ಅಲ್ಲ. ನನಗೆ ಇದರಲ್ಲಿ ಹೆಚ್ಚು ಕುತೂಹಲ ಹುಟ್ಟಿಸುವುದೇ ಆ ಭಾಗ. ಮುಂದೆ ಮಾತಾಡೋಣ.

ಗಪ್ಪಿ ಸಾಕುವವ (ಮಂಗಳೂರು)

ಟೀಚರ್, ಒಂದು ಸಂಶಯ. ನಮ್ಮ ಮನೆಯಲ್ಲಿ ಒಂದೇ ತಾಯಿಯ ಗಪ್ಪಿ ಮರಿಗಳನ್ನು ಸಿಮೆಂಟ್ ತೊಟ್ಟಿಯಲ್ಲಿ ಬಿಟ್ಟರೆ ಒಂದು ಥರ, ಗಾಜಿನ ಟ್ಯಾಂಕಿನಲ್ಲಿ ಬಿಟ್ಟರೆ ಇನ್ನೊಂದು ಥರ ಬೆಳೆಯುತ್ತವೆ. ಗಾತ್ರ ಬೇರೆ, ಬಣ್ಣದ ಗಾಢತೆ ಬೇರೆ. ಅದು ತಿಂಡಿ ಮತ್ತು ಬೆಳಕಿನ ವ್ಯತ್ಯಾಸ, ಜೀನ್ ಅಲ್ಲ. ಕೆರೆಯ ಮೀನುಗಳೂ ಹಾಗೇ ಯಾಕಾಗಿರಬಾರದು? ಒಂದೇ ಥರದ ನೀರು, ಅದಕ್ಕೇ ಒಂದೇ ಥರದ ಮೀನು.

ಸ್ವರ್ಣೆಯ ದಡ

ಇದು ಮೊದಲು ಕೇಳಲೇಬೇಕಾದ ಪ್ರಶ್ನೆ. ನಿಮ್ಮ ಗಪ್ಪಿಯಿಂದಲೇ ಉತ್ತರ ಕೊಡಬಹುದು.

ನಮ್ಮ ಚರಂಡಿ, ಬಾವಿಗಳಿಗೆ ಮಲೇರಿಯಾ ತಡೆಯಲು ಬಿಡುವ ಗಪ್ಪಿಯ ಮೂಲ ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಟ್ರಿನಿಡಾಡ್ ದ್ವೀಪ. ಟ್ರಿನಿಡಾಡ್‌ನ ಬೆಟ್ಟದ ಹೊಳೆಗಳಲ್ಲಿ ಅಬ್ಬಿಗಳು ತುಂಬ. ಅಬ್ಬಿಯ ಕೆಳಗೆ ಗಪ್ಪಿಯನ್ನು ನುಂಗುವ ದೊಡ್ಡ ಮೀನುಗಳಿವೆ. ಅವು ಅಬ್ಬಿ ಹತ್ತಲಾರವು. ಮೇಲ್ಭಾಗದಲ್ಲಿ ರಿವ್ಯುಲಸ್ ಅನ್ನುವ ಒಂದು ಸಣ್ಣ ಮೀನು ಮಾತ್ರ, ಅದು ತಿಂದರೆ ಮರಿಗಳನ್ನು ತಿನ್ನುತ್ತದೆ. ಹೊಳೆಯಿಂದ ಹೊಳೆಗೆ ಇದೇ ಚಿತ್ರ ಮತ್ತೆ ಮತ್ತೆ ಕಾಣುತ್ತದೆ. ಕೆಳಗಿನ ಗಪ್ಪಿ ಬೇಗ ಬಲಿಯುತ್ತದೆ, ಸಣ್ಣ ಸಣ್ಣ ಮರಿಗಳನ್ನು ಹೆಚ್ಚು ಹಾಕುತ್ತದೆ, ಗಂಡಿನ ಬಣ್ಣ ಮಂಕು. ಮೇಲಿನ ಗಪ್ಪಿ ತಡವಾಗಿ ಬಲಿಯುತ್ತದೆ, ಕಡಿಮೆ ಆದರೆ ದೊಡ್ಡ ಮರಿ ಹಾಕುತ್ತದೆ, ಗಂಡಿಗೆ ಒಳ್ಳೆಯ ಬಣ್ಣ.

ಇದು ನೀರಿನ ಪ್ರಭಾವ ಮಾತ್ರವೇ ಅಂತ ಡೇವಿಡ್ ರೆಜ್ನಿಕ್ ಪರೀಕ್ಷಿಸಿದರು. ಎರಡೂ ಕಡೆಯ ಮೀನು ತಂದು ಲ್ಯಾಬಿನಲ್ಲಿ ಒಂದೇ ನೀರು, ಒಂದೇ ತಿಂಡಿ ಕೊಟ್ಟು ಸಾಕಿದರು. ತಾಯಿಯ ಪ್ರಭಾವವೂ ಕಳೆಯಲಿ ಅಂತ ಎರಡನೇ ತಲೆಮಾರಿನವರೆಗೆ ಕಾದು ಅಳೆದರು. ವ್ಯತ್ಯಾಸ ಹಾಗೇ ಉಳಿಯಿತು. ಅಂದರೆ ಅದು ರಕ್ತದಲ್ಲೇ ಇತ್ತು.

ಇನ್ನೂ ಒಂದು ಹೆಜ್ಜೆ ಇದೆ. 1976ರಲ್ಲಿ ಜಾನ್ ಎಂಡ್ಲರ್ ಅರಿಪೊ ಎಂಬ ಹೊಳೆಯಲ್ಲಿ ಕೆಳಗಿನ ಗಪ್ಪಿಗಳನ್ನು ಗಪ್ಪಿಯೇ ಇಲ್ಲದ ಮೇಲಿನ ಭಾಗಕ್ಕೆ ಬಿಟ್ಟರು. 11 ವರ್ಷ, ಗಪ್ಪಿಯ ಲೆಕ್ಕದಲ್ಲಿ 30ರಿಂದ 60 ತಲೆಮಾರು ಕಳೆದ ಮೇಲೆ ಅವು ಬೇರೆ ಹೊಳೆಗಳ ಮೇಲ್ಭಾಗದ ಗಪ್ಪಿಗಳ ಹಾಗೆ ತಡವಾಗಿ ಬಲಿಯತೊಡಗಿದ್ದವು. ಇದನ್ನೂ ಲ್ಯಾಬಿನಲ್ಲಿ ಮರಿ ಮಾಡಿಸಿಯೇ ಖಚಿತ ಮಾಡಿದರು. ಸಾವಿರಾರು ವರ್ಷ ಬೇಕು ಅನ್ನುವುದು ಎಲ್ಲ ಕಡೆ ನಿಜ ಅಲ್ಲ.

ನಿಮ್ಮ ತೊಟ್ಟಿ ಮತ್ತು ಟ್ಯಾಂಕಿನ ಮರಿಗಳನ್ನು ಮುಂದಿನ ಸಲ ಒಂದೇ ಕಡೆ ಸಾಕಿ ಅವುಗಳ ಮರಿಗಳ ಮರಿಗಳನ್ನು ನೋಡಿ. ಅವು ಒಂದೇ ಥರ ಆಗುತ್ತವೆ ಅಂತ ನನ್ನ ಊಹೆ.

ಗಪ್ಪಿ ಸಾಕುವವ

ಓ, ಇದು ಮಾಡಬಹುದು. ಗಪ್ಪಿಗೆ ಮರಿ ಹಾಕಲು ತಿಂಗಳು ಸಾಕು.

ಕೊಣಾಜೆ ಗುಡ್ಡೆ

ನಾನು ಎಂಎಸ್ಸಿ ಓದುತ್ತಿದ್ದೇನೆ, ಜೆನೆಟಿಕ್ಸ್. ಮ್ಯಾಮ್ ಬಿಟ್ಟ ಎಳೆ ಹಿಡಿಯುತ್ತೇನೆ.

ಅದೇ ಸ್ಟಿಕಲ್‌ಬ್ಯಾಕ್‌ಗೆ ಹೊಟ್ಟೆಯ ಕೆಳಗೆ ಸೊಂಟದ ಎಲುಬು, ಅದಕ್ಕೆ ಜೋಡಿ ಮುಳ್ಳು ಇರುತ್ತದೆ. ಕೆಲವು ಕೆರೆಗಳಲ್ಲಿ ಅದು ಪೂರ್ತಿ ಹೋಗಿಬಿಟ್ಟಿದೆ. ಕೆಳಗೆ ತಳದಲ್ಲಿ ಡ್ರಾಗನ್‌ಫ್ಲೈ ಮರಿಹುಳುಗಳು ಆ ಮುಳ್ಳನ್ನೇ ಹಿಡಿದು ಮೀನನ್ನು ತಿನ್ನುತ್ತವೆ ಅನ್ನುವುದು ಒಂದು ವಿವರಣೆ, ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ ಅನ್ನುವುದು ಇನ್ನೊಂದು. ಇಲ್ಲಿ ಕಾರಣವಾದ ಜೀನ್ ಪಿಟ್ಕ್ಸ್1. ಆದರೆ ಎಡ (Eda) ಜೀನ್‌ನ ಹಾಗೆ ಹಳೆಯ ರೂಪವೊಂದು ಹರಡಿದ್ದಲ್ಲ. ಬೇರೆ ಬೇರೆ ಕೆರೆಗಳಲ್ಲಿ ಡಿಎನ್‌ಎ ಬೇರೆ ಬೇರೆ ಅಳತೆಯಲ್ಲಿ ತುಂಡಾಗಿ ಹೋಗಿದೆ. ಅಂದರೆ ಪ್ರತಿ ಕೆರೆಯಲ್ಲೂ ಹೊಸದಾಗಿಯೇ ನಡೆದಿದೆ. 2010ರಲ್ಲಿ ಇದು ಪ್ರಕಟವಾಯಿತು.

ಸೊಗಸಾದ ಸಂಗತಿ ಅಂದರೆ ಪಿಟ್ಕ್ಸ್1 ಜೀನ್ ಹಾಳಾಗಿಲ್ಲ. ಅದು ದವಡೆಗೂ ಬೇಕು, ಪಿಟ್ಯುಟರಿ ಗ್ರಂಥಿಗೂ ಬೇಕು. ಅದೇ ಹೋದರೆ ಮೀನು ಬದುಕುವುದೇ ಕಷ್ಟ. ಹೋಗಿರುವುದು ಸೊಂಟದಲ್ಲಿ ಮಾತ್ರ ಅದನ್ನು ಆನ್ ಮಾಡುವ ಸ್ವಿಚ್. ಆ ಸ್ವಿಚ್ ಇರುವ ಡಿಎನ್‌ಎ ಭಾಗವೇ ಸುಲಭವಾಗಿ ಮುರಿಯುವಂಥದ್ದು ಅಂತ 2019ರಲ್ಲಿ ಗೊತ್ತಾಯಿತು. ಹಾಗಾಗಿ ಅದೇ ಜಾಗ ಮತ್ತೆ ಮತ್ತೆ ತುಂಡಾಗಿದೆ. ಆಯ್ಕೆ ಮಾಡುವುದು ಪರಿಸರ, ನಿಜ. ಆದರೆ ಯಾವ ಬದಲಾವಣೆ ಹೆಚ್ಚು ಸಲ ಎದುರಿಗೆ ಬರುತ್ತದೆ ಅನ್ನುವುದು ಡಿಎನ್‌ಎಯ ಸ್ವಭಾವದಲ್ಲೂ ಇದೆ.

ಕುಂದಾಪ್ರ ಹೊಳೆಬದಿ

ಬಹಳ ಚೆನ್ನಾಗಿದೆ. ನನ್ನ ಪ್ರಶ್ನೆ ನಮ್ಮ ಹೊಳೆಗಳ ಬಗ್ಗೆ. ಈಗ ಎಲ್ಲಿ ನೋಡಿದರೂ ಕಿಂಡಿ ಅಣೆಕಟ್ಟು. ಬಜೆ, ತುಂಬೆಯಂಥ ದೊಡ್ಡದೂ ಉಂಟು. ಮೇಲಿನ ಮೀನು ಮೇಲೆ, ಕೆಳಗಿನದ್ದು ಕೆಳಗೆ ಉಳಿದರೆ ನಮ್ಮಲ್ಲೂ ಹೀಗೆ ಬೇರೆ ಬೇರೆ ಆಗುವುದಿಲ್ವಾ?

ಸ್ವರ್ಣೆಯ ದಡ

ಅಣೆಕಟ್ಟಿನಿಂದ ಹಾಗೆ ಆದದ್ದು ಅಮೆರಿಕದಲ್ಲಿ ಇದೆ. ಆಲ್‌ವೈಫ್ ಅನ್ನುವ ಮೀನು ಕಡಲಲ್ಲಿ ಬೆಳೆದು ಮೊಟ್ಟೆ ಇಡಲು ಕೆರೆಗೆ ಬರುತ್ತದೆ. ನಮ್ಮ ಪೇಡಿಗೆ ದೂರದ ನೆಂಟ. ಯುರೋಪಿನಿಂದ ಬಂದವರು ಕನೆಕ್ಟಿಕಟ್‌ನಲ್ಲಿ ಹೊಳೆಗಳಿಗೆ ಕಟ್ಟ ಹಾಕಿದಾಗ ಕೆಲವು ಕೆರೆಗಳಲ್ಲಿ ಅವು ಸಿಕ್ಕಿಬಿದ್ದವು. ವರ್ಷವಿಡೀ ಒಂದೇ ಕೆರೆಯಲ್ಲಿ ಉಳಿದು ದೊಡ್ಡ ಜಾತಿಯ ನೀರುಹುಳುಗಳನ್ನೆಲ್ಲ ತಿಂದು ಮುಗಿಸಿದವು. ಉಳಿದದ್ದು ಸಣ್ಣವು. ಈಗ ಆ ಕೆರೆಗಳ ಆಲ್‌ವೈಫ್‌ಗೆ ಬಾಯಿ ಸಣ್ಣದು, ಕಿವಿರಿನ ಜರಡಿ ಸಂದು ಕಿರಿದು. ಒಂದು ಕೆರೆಯಲ್ಲಲ್ಲ, ಹಲವು ಕೆರೆಗಳಲ್ಲಿ ಬೇರೆ ಬೇರೆಯಾಗಿ ಹೀಗೆ ಆಗಿದೆ. ಮೀನು ತನ್ನ ನೀರನ್ನು ಬದಲಿಸಿತು, ಬದಲಾದ ನೀರು ಮೀನನ್ನು ಬದಲಿಸಿತು.

ನಮ್ಮ ಕಿಂಡಿ ಅಣೆಕಟ್ಟಿನ ವಿಷಯ ಬೇರೆ. ಹಲಗೆ ಹಾಕುವುದು ಮಳೆ ನಿಂತ ಮೇಲೆ, ತೆಗೆಯುವುದು ಮಳೆಗಾಲಕ್ಕೆ ಮೊದಲು. ಮೀನು ಹತ್ತುವುದು ಮೊದಲ ಮಳೆಗೆ.

ಕುಂದಾಪ್ರ ಹೊಳೆಬದಿ

ಹೌದು ಹೌದು, ಹತ್ತುಮೀನು ಬರುವಾಗ ಹಲಗೆ ಇರುವುದಿಲ್ಲ. ಮುಗುಡು ಅಂತೂ ತೋಡಿನಿಂದ ಗದ್ದೆಗೇ ಬರುತ್ತದೆ. ಹಲಗೆ ತೆಗೆಯಲು ತಡ ಮಾಡಿದ ವರ್ಷ ಮಾತ್ರ ಕಟ್ಟದ ಬುಡದಲ್ಲಿ ಮೀನು ರಾಶಿ ಬೀಳುತ್ತದೆ, ಜನ ಬಲೆ ಹಾಕಿ ಬಾಚಿಕೊಂಡು ಹೋಗುತ್ತಾರೆ. ಮೊಟ್ಟೆ ತುಂಬಿದ ಮೀನು ಅವು. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮತ್ತೆ ಒಂದು. ನಮ್ಮ ಪಶ್ಚಿಮಕ್ಕೆ ಹರಿಯುವ ಹೊಳೆಗಳು ಒಂದೊಂದೂ ನೇರ ಕಡಲಿಗೆ. ಉಪ್ಪುನೀರು ದಾಟದ ಮೀನಿಗೆ ಸೀತೆ ಬೇರೆ ಲೋಕ, ನೇತ್ರಾವತಿ ಬೇರೆ ಲೋಕ ಅಲ್ವಾ?

ಹಳೇ ಫಿಶರೀಸ್ (ಮಂಗಳೂರು)

ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವನು. 1969ರಲ್ಲಿ ಶುರುವಾದ ಕಾಲೇಜು, ದೇಶದಲ್ಲೇ ಈ ಬಗೆಯ ಮೊದಲನೆಯದು. ಕುಂದಾಪ್ರದವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ.

ಹೊಳೆಗಳು ಬೇರೆ ಬೇರೆ ಅನ್ನುವುದು ಬೇಸಿಗೆಗೆ ಸರಿ. ಆದರೆ ಸೀತೆ, ಸ್ವರ್ಣೆ ಎರಡೂ ಕೋಡಿ ಬೆಂಗ್ರೆ ಹತ್ತಿರ ಒಂದಾಗಿ ಕಡಲು ಸೇರುತ್ತವೆ. ನೇತ್ರಾವತಿ, ಗುರುಪುರ ಹೊಳೆಗೂ ಒಂದೇ ಅಳಿವೆ. ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಕೂಡುತ್ತವೆ. ಆಟಿ ತಿಂಗಳ ನೆರೆಯಲ್ಲಿ ಅಳಿವೆಯ ನೀರೂ ಸಿಹಿಯಾಗುತ್ತದೆ. ಬಯಲಿನ ಮೀನಿಗೆ ಆಗ ಒಂದು ದಾರಿ ತೆರೆದ ಹಾಗೆ. ಆದರೆ ಘಟ್ಟದ ಬುಡದ ಕಲ್ಲುಹೊಳೆಯಲ್ಲೇ ಬದುಕುವ ಮೀನು ಅಷ್ಟು ಕೆಳಗೆ ಇಳಿದು ಮತ್ತೆ ಹತ್ತುವುದು ಕಷ್ಟ. ಆದ್ದರಿಂದ ಬೇರೆಯಾಗಿ ಉಳಿಯುವ ಸಾಧ್ಯತೆ ಜಾಸ್ತಿ ಇರುವುದು ಅಲ್ಲಿ. ಕೂಡ್ಲು ತೀರ್ಥ, ಜೋಮ್ಲು ತೀರ್ಥದಂಥ ಅಬ್ಬಿಗಳ ಮೇಲೆ ಮತ್ತು ಕೆಳಗೆ ಒಂದೇ ಜಾತಿಯ ಮೀನನ್ನು ಹೋಲಿಸಿ ನೋಡುವುದು ಒಳ್ಳೆಯ ಎಂಎಸ್ಸಿ ಪ್ರಾಜೆಕ್ಟ್. ಕೊಣಾಜೆಯವರು ಯೋಚಿಸಿ.

ಆ ಕಲ್ಲುಹೊಳೆಗಳಲ್ಲೇ ಇನ್ನೊಂದು ಪಾಠ ಉಂಟು. ರಭಸದ ನೀರಿನಲ್ಲಿ ಕೊಚ್ಚಿಹೋಗದೆ ಕಲ್ಲಿಗೆ ಅಂಟಿಕೊಳ್ಳುವ ಮೀನುಗಳು ಮೂರು ಬಗೆ. ಗರ್ರಾಕ್ಕೆ ಕೆಳತುಟಿಯ ಹಿಂದೆ ಒಂದು ಬಿಲ್ಲೆ, ಅದರಿಂದ ಹಿಡಿಯುತ್ತದೆ. ಬಾಲಿಟೋರ ಥರದ ಲೋಚ್‌ಗಳಿಗೆ ಎದೆಯ ಮತ್ತು ಹೊಟ್ಟೆಯ ಈಜುರೆಕ್ಕೆಗಳೇ ಅಗಲವಾಗಿ ಚಪ್ಪಟೆಯಾಗಿವೆ. ಗ್ಲಿಪ್ಟೊಥೊರಾಕ್ಸ್ ಮುಗುಡಿನ ಹಾಗೆ ಮೀಸೆ ಇರುವ ಗುಂಪಿನದ್ದು, ಅದಕ್ಕೆ ಎದೆಯ ಚರ್ಮದಲ್ಲೇ ನೆರಿಗೆಗಳು. ಕೆಲಸ ಒಂದೇ, ಉಪಕರಣ ಮೂರು. ದೂರದ ಸಂಬಂಧದ ಮೀನುಗಳಲ್ಲಿ ಹೀಗೆ ಬೇರೆ ಬೇರೆ ಅಂಗ ಆ ಕೆಲಸ ಹಿಡಿಯುತ್ತದೆ. ಸ್ಟಿಕಲ್‌ಬ್ಯಾಕ್‌ನಂತೆ ಒಂದೇ ಜಾತಿಯೊಳಗೆ ನಡೆದರೆ ಅದೇ ಜೀನ್ ಮತ್ತೆ ಸಿಗುವ ಸಂಭವ ಹೆಚ್ಚು. ಕೂಡಿಟ್ಟದ್ದು ಒಂದೇ ಆಗಿರುತ್ತದಲ್ಲ.

ಮುರಕಲ್ಲು ಮನೆ (ಬಂಟ್ವಾಳ)

ನಮಸ್ಕಾರ. ನಮ್ಮ ಮನೆಯ ಬಾವಿ ಮುರಕಲ್ಲಿನದ್ದು, ಆಳ ಜಾಸ್ತಿ. ಕೇರಳದ ಬಾವಿಗಳಲ್ಲಿ ಕಣ್ಣಿಲ್ಲದ ಕೆಂಪು ಮೀನು ಸಿಗುತ್ತದೆ ಅಂತ ಓದಿದೆ. ಅದೂ ಈ ಲೆಕ್ಕದಲ್ಲಿ ಬರುತ್ತದಾ? ಕತ್ತಲೆಯಲ್ಲಿ ಉಪಯೋಗ ಇಲ್ಲ ಅಂತ ಕಣ್ಣು ಹೋಯಿತಾ?

ಕೊಣಾಜೆ ಗುಡ್ಡೆ

ಬರುತ್ತದೆ ಅಣ್ಣ, ಇದರಲ್ಲಿ ಬಹಳ ಮುಖ್ಯವಾಗಿ ಬರುತ್ತದೆ.

ಕೇರಳದ ಮುರಕಲ್ಲಿನ ಒಳಗಿನ ನೀರಿನಲ್ಲಿ ಹೊರಾಗ್ಲಾನಿಸ್ ಅನ್ನುವ ಕಣ್ಣಿಲ್ಲದ ಮೀಸೆಮೀನು ಇದೆ. ಮೊದಲ ಜಾತಿಯನ್ನು 1950ರಲ್ಲಿ ಕೊಟ್ಟಾಯಂನ ಬಾವಿಯಿಂದ ವಿವರಿಸಿದರು. ರಕ್ತಮಿಕ್ತಿಸ್ ಎಂಬ ಹಾವಿನಂಥ ಮೀನೂ ಇದೆ, ಅದು ಪೂರ್ತಿ ಬೇರೆ ಗುಂಪು. ಕಣ್ಣು ಹೆಸರಿಗೆ ಮಾತ್ರ. ಎರಡಕ್ಕೂ ಬಣ್ಣ ಹೋಗಿ ಒಳಗಿನ ರಕ್ತ ಕೆಂಪಗೆ ಕಾಣುತ್ತದೆ. 2019ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಬಾವಿಯೊಂದರಿಂದ ವಿವರಿಸಿದ ಎಳೆಯಂಥ ಲೋಚ್‌ಗೆ ತಿನ್ನುವ ಭುಜಿಯಾದ ಹೆಸರನ್ನೇ ಇಟ್ಟಿದ್ದಾರೆ, ಪ್ಯಾಂಜಿಯೋ ಭುಜಿಯಾ ಅಂತ.

ಕಣ್ಣು ಹೋಗುವುದು ಹೇಗೆ ಅಂತ ಹೆಚ್ಚು ತಿಳಿಸಿರುವುದು ಮೆಕ್ಸಿಕೋದ ಗುಹೆಮೀನು, ಆಸ್ಟಿಯಾನಾಕ್ಸ್. ಹೊರಗಿನ ಹೊಳೆಯಲ್ಲಿ ಇದೇ ಜಾತಿಗೆ ಕಣ್ಣಿದೆ, ಬಣ್ಣವಿದೆ. ಸುಮಾರು ಮೂವತ್ತು ಗುಹೆಗಳಲ್ಲಿ ಕುರುಡಾಗಿದೆ. ಬಿಳಿಚಿಕೊಳ್ಳಲು ಪಚೋನ್ ಮತ್ತು ಮೊಲಿನೊ ಎಂಬ ಎರಡು ಗುಹೆಗಳಲ್ಲಿ ಒಂದೇ ಜೀನ್ ಕೆಟ್ಟಿದೆ, ಓಸಿಎ2. ಆದರೆ ಕೆಟ್ಟ ಜಾಗ ಬೇರೆ ಬೇರೆ. ಆ ಎರಡು ಗುಹೆಯ ಮೀನು ಕೂಡಿಸಿದರೆ ಮರಿಯೂ ಬಿಳಿಯೇ. ಕಣ್ಣಿನ ಕಥೆ ಹಾಗಲ್ಲ. ದೂರದ ಎರಡು ಗುಹೆಗಳ ಕುರುಡು ಮೀನು ಕೂಡಿಸಿದಾಗ ಕೆಲವು ಮರಿಗಳಿಗೆ ಕಣ್ಣು ಕಂಡಿತು! 2008ರಲ್ಲಿ ಬೊರೊಸ್ಕಿ ಇದನ್ನು ಪ್ರಕಟಿಸಿದರು. ಕುರುಡು ತಂದೆ, ಕುರುಡು ತಾಯಿ, ನೋಡುವ ಮರಿ. ಒಂದು ಗುಹೆಯಲ್ಲಿ ಕೆಟ್ಟ ಜೀನ್ ಇನ್ನೊಂದರಲ್ಲಿ ಸರಿಯಾಗಿತ್ತು, ಒಂದರ ಕೊರತೆಯನ್ನು ಇನ್ನೊಂದು ತುಂಬಿತು. ಹೊರಗಿಂದ ನೋಡಿದರೆ ಎರಡೂ ಒಂದೇ ಥರ ಕುರುಡು. ಒಳಗೆ ದಾರಿ ಬೇರೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಉಪಯೋಗ ಇಲ್ಲ ಅಂತ ಹೋಯಿತಾ ಅನ್ನುವುದಕ್ಕೆ: ಮೀನು ಬಳಸದೆ ಬಿಟ್ಟದ್ದರಿಂದ ಮರಿಯ ಕಣ್ಣು ಹೋಗುವುದಿಲ್ಲ. ಕತ್ತಲೆಯಲ್ಲಿ ಕಣ್ಣಿನ ಜೀನ್ ಕೆಟ್ಟರೂ ನಷ್ಟವಿಲ್ಲ, ಹಾಗಾಗಿ ಕೆಟ್ಟದ್ದು ಉಳಿಯುತ್ತದೆ. ಜೊತೆಗೆ ಕಣ್ಣು ಮತ್ತು ಅದರ ನರಗಳನ್ನು ಸಾಕಲು ಶಕ್ತಿ ಬೇಕು. ಆಹಾರ ಕಡಿಮೆ ಇರುವ ಕಡೆ ಅದಿಲ್ಲದ ಮೀನಿಗೆ ಉಳಿತಾಯ.

ಗಪ್ಪಿ ಸಾಕುವವ

ಹಾಗಾದರೆ ಹೋದದ್ದು ಹೋದ ಹಾಗೆಯೇನಾ? ವಾಪಸು ಬರುವುದುಂಟಾ?

ಸ್ವರ್ಣೆಯ ದಡ

ಫಲಕದ ವಿಷಯದಲ್ಲಿ ಬಂದದ್ದಿದೆ. ಸಿಯಾಟಲ್ ಊರಿನ ಪಕ್ಕದ ವಾಷಿಂಗ್ಟನ್ ಕೆರೆಗೆ ಕೊಳಚೆ ಬಿಡುತ್ತಿದ್ದರು, ನೀರು ಕದಡಿತ್ತು. 1960ರ ದಶಕದಲ್ಲಿ ಕೊಳಚೆಯನ್ನು ಬೇರೆ ಕಡೆ ತಿರುಗಿಸಿದರು. ನೀರು ತಿಳಿಯಾಯಿತು. ತಿಳಿನೀರಿನಲ್ಲಿ ಟ್ರೌಟ್‌ನ ಕಣ್ಣಿಗೆ ಸ್ಟಿಕಲ್‌ಬ್ಯಾಕ್ ಸುಲಭವಾಗಿ ಬೀಳತೊಡಗಿತು. ಆಗ ಪೂರ್ತಿ ಫಲಕ ಇದ್ದ ಮೀನು ನೂರಕ್ಕೆ 6. 2008ರಲ್ಲಿ ಪ್ರಕಟವಾದ ಲೆಕ್ಕದಲ್ಲಿ 49. ಫಲಕದ ಹಳೆಯ ರೂಪ ಆ ಕೆರೆಯಲ್ಲಿ ಇನ್ನೂ ಉಳಿದಿತ್ತು, ಅದಕ್ಕೇ ವಾಪಸು ಬಂತು. ಉಳಿದಿರದಿದ್ದರೆ ಕಷ್ಟವಿತ್ತು.

ಹಳೇ ಫಿಶರೀಸ್

ಟೀಚರ್ ಕೊನೆಗೆ ಹೇಳಿದ ಮಾತೇ ನನಗೆ ಚಿಂತೆಯ ವಿಷಯ. ಮೀನಿನ ಒಳಗೆ ಏನು ಉಳಿದಿದೆ ಅಂತ ಹೊರಗಿಂದ ಕಾಣುವುದಿಲ್ಲ. ಎರಡು ಹೊಳೆಯ ಮೀನು ನೋಡಲು ಒಂದೇ ಥರ ಇದೆ, ಹಾಗಾಗಿ ಇಲ್ಲಿಂದ ತೆಗೆದು ಅಲ್ಲಿ ಬಿಟ್ಟರೆ ಏನಾಯಿತು ಅಂತ ಕೇಳುವವರಿದ್ದಾರೆ. ಗುಹೆಮೀನಿನ ಕಥೆ ಅವರಿಗೆ ಹೇಳಬೇಕು.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕೆಲವೇ ಕೆರೆಗಳಲ್ಲಿ ಸ್ಟಿಕಲ್‌ಬ್ಯಾಕ್ ಎರಡು ಜಾತಿಯಾಗಿ ಒಡೆದಿದೆ. ಒಂದು ತಳದಲ್ಲಿ ಹುಳ ಹೆಕ್ಕುತ್ತದೆ, ದಪ್ಪ. ಇನ್ನೊಂದು ಮೇಲಿನ ನೀರಿನಲ್ಲಿ ತೇಲುವ ಸಣ್ಣ ಜೀವಿ ತಿನ್ನುತ್ತದೆ, ಸಪೂರ. ಪ್ರತಿ ಕೆರೆಯಲ್ಲೂ ಈ ಜೋಡಿ ಬೇರೆಯಾಗಿ ಹುಟ್ಟಿದ್ದು. ಡಾಲ್ಫ್ ಶ್ಲೂಟರ್ ಅವರ ತಂಡ 2000ರಲ್ಲಿ ತೋರಿಸಿದ ಸಂಗತಿ ಇನ್ನೂ ವಿಶೇಷ: ಈ ಕೆರೆಯ ದಪ್ಪ ಮೀನು ತನ್ನದೇ ಕೆರೆಯ ಸಪೂರದ್ದಕ್ಕಿಂತ ಬೇರೆ ಕೆರೆಯ ದಪ್ಪ ಮೀನನ್ನು ಸುಲಭವಾಗಿ ಜೋಡಿ ಮಾಡಿಕೊಳ್ಳುತ್ತದೆ. ಅಂಥ ಅಪರೂಪದ ಕೆರೆಗಳಲ್ಲಿ ಒಂದಾದ ಹ್ಯಾಡ್ಲಿ ಕೆರೆಗೆ ಹೊರಗಿನ ಕ್ಯಾಟ್‌ಫಿಶ್ ತಂದುಬಿಟ್ಟರು. ಆ ಜೋಡಿ ನಿರ್ನಾಮವಾಯಿತು. ಎನೋಸ್ ಕೆರೆಯಲ್ಲಿ ಹೊರಗಿನ ಸಿಗಡಿಯಂಥ ಕ್ರೇಫಿಶ್ ಸೇರಿದ ಮೇಲೆ ಎರಡು ಜಾತಿ ಬೆರೆತು ಒಂದೇ ಕಲಬೆರಕೆಯಾಯಿತು.

ನಮ್ಮಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಿಷೇಧ ಇದ್ದರೂ ಹೊಳೆಗೆ ಸೇರುತ್ತಿದೆ. ಅದು ಘಟ್ಟದ ಬುಡದವರೆಗೆ ಹೋದರೆ ಏನೇನು ಹೋಗುತ್ತದೆ ಅಂತ ಲೆಕ್ಕ ಇಡುವವರೂ ಇರುವುದಿಲ್ಲ.

ಕುಂದಾಪ್ರ ಹೊಳೆಬದಿ

ಸರ್, ಒಪ್ಪುತ್ತೇನೆ. ಆದರೆ ಹೊಳೆಮೀನು ನಂಬಿ ಬದುಕುವವರಿಗೆ ಮೀನು ಕಡಿಮೆಯಾಗಿದೆ. ಮರಿ ಬಿಡಬೇಡಿ ಅಂದರೆ ಅವರು ಏನು ಮಾಡಬೇಕು?

ಹಳೇ ಫಿಶರೀಸ್

ಮರಿ ಬಿಡಬೇಡಿ ಅನ್ನುವುದಿಲ್ಲ. ಅದೇ ಹೊಳೆಯ ಮೀನಿನಿಂದ ಮರಿ ಮಾಡಿ ಅದೇ ಹೊಳೆಗೆ ಬಿಡಬಹುದು. ಖರ್ಚು ಹೆಚ್ಚು, ತಾಪತ್ರಯ ಹೆಚ್ಚು, ನಿಜ. ಆದರೆ ಅದಕ್ಕಿಂತ ಮೊದಲು ಹೊಳೆಗೆ ಮದ್ದು ಹಾಕುವುದು, ತೋಟೆ ಸಿಡಿಸುವುದು ನಿಲ್ಲಲಿ. ಹಲಗೆ ಸಮಯಕ್ಕೆ ತೆಗೆಯಲಿ. ಮೊಟ್ಟೆಯ ಮೀನು ಹತ್ತಲು ಬಿಟ್ಟರೆ ಅರ್ಧ ಕೆಲಸ ಹೊಳೆಯೇ ಮಾಡುತ್ತದೆ. ಶಿಶಿಲದಲ್ಲಿ, ಸುಬ್ರಹ್ಮಣ್ಯದಲ್ಲಿ ದೇವರ ಮೀನು ಅಂತ ಜನ ಮುಟ್ಟದೆ ಬಿಟ್ಟ ಕಡೆ ಮಹಸೀರ್ ಹೇಗಿದೆ ನೋಡಿ.

ಮುರಕಲ್ಲು ಮನೆ

ಬಾವಿಯ ವಿಷಯಕ್ಕೆ ಬರುತ್ತೇನೆ. ಮಳೆಗೆ ಮೊದಲು ಬಾವಿ ಖಾಲಿ ಮಾಡಿ ಕೆಸರು ತೆಗೆಯುತ್ತೇವೆ, ಆಮೇಲೆ ಬ್ಲೀಚಿಂಗ್ ಪೌಡರ್. ಅಂಥ ಮೀನು ಇದ್ದರೆ ಗೊತ್ತಾಗುವುದು ಹೇಗೆ?

ಕೊಣಾಜೆ ಗುಡ್ಡೆ

ಕೇರಳದಲ್ಲಿ ಹೆಚ್ಚಿನವು ಸಿಕ್ಕಿದ್ದು ನಿಮ್ಮಂಥವರ ಮನೆಗಳಲ್ಲೇ. ಬಾವಿ ತೆಗೆಯುವಾಗ, ಪಂಪಿನ ನೀರಿನಲ್ಲಿ, ಟ್ಯಾಂಕಿನಲ್ಲಿ. 2023ರಲ್ಲಿ ಹೆಸರಿಟ್ಟ ಹೊರಾಗ್ಲಾನಿಸ್ ಪಾಪ್ಯುಲಿ ಎಂಬ ಜಾತಿಯ ಹೆಸರೇ ಹಾಗೆ ಮಾಹಿತಿ ಕೊಟ್ಟ ಜನರ ಗೌರವಕ್ಕೆ. ಅದೇ ಮುರಕಲ್ಲು ಕಾಸರಗೋಡು ದಾಟಿ ನಮ್ಮಲ್ಲಿಗೂ ಬಂದಿದೆ, ಆದ್ದರಿಂದ ಕಣ್ಣಿಟ್ಟು ನೋಡುವುದು ಒಳ್ಳೆಯದು.

ಪಂಪಿನಿಂದ ಟ್ಯಾಂಕಿಗೆ ನೀರು ಬೀಳುವ ಪೈಪಿನ ಬಾಯಿಗೆ ತೆಳುವಾದ ಬಟ್ಟೆ ಚೀಲದ ಹಾಗೆ ಕಟ್ಟಿ. ಪ್ರತಿ ಸಲ ಬಿಚ್ಚಿ ಬಿಳಿ ಬೇಸಿನ್‌ನಲ್ಲಿ ಜಾಲಾಡಿಸಿ. ಹೊರಾಗ್ಲಾನಿಸ್ ಬೆರಳಿಗಿಂತ ಸಣ್ಣದು, ಎರೆಹುಳದ ತುಂಡು ಅಂತ ಎಸೆಯುವವರೇ ಜಾಸ್ತಿ. ಸಿಕ್ಕಿದರೆ ಅದೇ ಬಾವಿಯ ನೀರಿನಲ್ಲಿ, ಕತ್ತಲೆಯಲ್ಲಿ ಇಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಮೇಲಿನಿಂದ, ಬದಿಯಿಂದ ಫೋಟೋ ತೆಗೆಯಿರಿ. ಫಿಶರೀಸ್ ಕಾಲೇಜಿಗೆ ತೋರಿಸಬಹುದು. ಬ್ಲೀಚಿಂಗ್ ಮಾಡುವುದಕ್ಕೆ ಮೊದಲು ಇದಿಷ್ಟು ಆಗಲಿ.

ಮುರಕಲ್ಲು ಮನೆ

ಸರಿ. ಮನೆಯಲ್ಲಿ ಹಳೆಯ ಮಲ್ ಪಂಚೆ ಉಂಟು, ಅದನ್ನೇ ಕಟ್ಟುತ್ತೇನೆ. ಪಕ್ಕದ ಮನೆಯವರದ್ದೂ ಮುರಕಲ್ಲಿನ ಬಾವಿ, ಅವರಿಗೂ ಹೇಳುತ್ತೇನೆ. ಏನು ಸಿಕ್ಕಿದರೂ, ಸಿಗದಿದ್ದರೂ ಇಲ್ಲೇ ಬರೆಯುತ್ತೇನೆ.